ಸ್ಪಷ್ಟನೆ: 10 ವರ್ಷದ ವೀಸಾ ಎಂದರೆ 10 ವರ್ಷದ ವಾಸವಲ್ಲ

ಅಮೆರಿಕದ ಸಂದರ್ಶಕ ವೀಸಾ 10 ವರ್ಷಕ್ಕೆ ಸಿಕ್ಕರೆ ತಂದೆತಾಯಿ ಅಷ್ಟೂ ಕಾಲ ಮಕ್ಕಳ ಮನೆಯಲ್ಲಿ ಇರಬಹುದೆಂಬ ಸಂದೇಶವೊಂದು ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸಂಪೂರ್ಣ ತಪ್ಪು. ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಸಿದ ಈ ಸಂದರ್ಶಕ (ಬಿ1/ಬಿ2) ವೀಸಾದ ಮೇಲಿರುವ ಕೊನೆಯ ದಿನಾಂಕವು, ಆ ದೇಶದ ಗಡಿಗೆ ಹೋಗಿ ಪ್ರವೇಶ ಕೋರಲು ಇರುವ ಅವಧಿಯನ್ನಷ್ಟೇ ಸೂಚಿಸುತ್ತದೆ. ಉಳಿಯುವ ಅವಧಿಯನ್ನು ಅಲ್ಲಿ ಇಳಿದಾಗ ಅಧಿಕಾರಿಯೇ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 6 ತಿಂಗಳು ಸಿಗುತ್ತದೆ, ಉಳಿಯಬಹುದಾದ ಕೊನೆಯ ದಿನಾಂಕ ಐ-94 ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ಮಗಳ ಬಾಣಂತನಕ್ಕೆಂದು ಹೋದ ತಾಯಿಗೆ ಇನ್ನೂ ಕೆಲವು ವಾರ ಬೇಕೆನಿಸಿದರೆ, ಆ ದಿನಾಂಕಕ್ಕೆ ಮೊದಲೇ ಅವಧಿ ವಿಸ್ತರಣೆ ಕೋರುವ ಐ-539 ಅರ್ಜಿ ಸಲ್ಲಿಸಬೇಕು. ಅನುಮತಿಯಿಲ್ಲದೆ ಉಳಿದರೆ ಕೈಯಲ್ಲಿರುವ ವೀಸಾ ಅಸಿಂಧುವಾಗುತ್ತದೆ. ಹಾಗೆ ಉಳಿದ ಅವಧಿ 180 ದಿನ ದಾಟಿದರೆ, ದೇಶ ಬಿಟ್ಟ ಮೇಲೆ ಕನಿಷ್ಠ 3 ವರ್ಷ ಮರುಪ್ರವೇಶಕ್ಕೆ ನಿರ್ಬಂಧವಿರುತ್ತದೆ. ಒಂದೇ ಭೇಟಿಯಲ್ಲಿ 5 ವರ್ಷದವರೆಗೆ ಉಳಿಯಲು ಬಿಡುವುದು, ಅಲ್ಲಿ ನೆಲೆಸಿದವರ ತಂದೆತಾಯಿಗೆ ಕೊಡುವ ಕೆನಡಾದ ಸೂಪರ್ ವೀಸಾ. ಸಂದೇಶ ಬರೆದವರು ಬಹುಶಃ ಎರಡನ್ನೂ ಬೆರೆಸಿದ್ದಾರೆ.