ಪರಿಚಯ ಎರಡು ಸಾಲು ಸಾಕಂತೆ

ಅಮೆರಿಕದ ಈ ಸಣ್ಣ ಊರಿನ ರೋಟರಿ ಕ್ಲಬ್ಬಿನಲ್ಲಿ ಹೊಸ ಸದಸ್ಯರೆಲ್ಲ ಒಂದು ದಿನ ಎದ್ದುನಿಂತು ತಮ್ಮ ವೃತ್ತಿಯ ಕಥೆ ಹೇಳಬೇಕು. ನನ್ನ ಸರದಿ ಬಂದಾಗ ಓದಿದ ಕಾಲೇಜು, ರ‍್ಯಾಂಕು, ಏರಿದ ಹುದ್ದೆ, ಬಂದ ಪ್ರಶಸ್ತಿ ಎಲ್ಲ ಸೇರಿಸಿ ಪರಿಚಯ ಬರೆದು ಕಾರ್ಯದರ್ಶಿಗೆ ಕಳಿಸಿದೆ. ಆಕೆ ಅದನ್ನು ಎರಡು ಸಾಲಿಗೆ ಇಳಿಸಿ ವಾಪಸು ಕಳಿಸಿದರು. ಕೆಳಗೊಂದು ಪ್ರಶ್ನೆ ಬೇರೆ: ಇದೆಲ್ಲ ಸರಿ, ಬೆಳಿಗ್ಗೆ ಆಫೀಸಿಗೆ ಹೋಗಿ ನೀವು ಮಾಡುವುದೇನು?

ಚುರುಕ್ ಎಂದಿತು. ನಮ್ಮ ಕಡೆ ಎರಡು ಸಾಲಿನ ಪರಿಚಯ ಮಾಡಿದರೆ ಅತಿಥಿಗಳು ಮುಂದಿನ ವರ್ಷ ಫೋನೇ ಎತ್ತುವುದಿಲ್ಲ.

ನನಗಿಂತ ಒಂದು ವಾರ ಮುಂಚೆ ಮಾತಾಡಿದವರು ಈ ಊರಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವವರು. ಅಪ್ಪನ ಕಾಲದಿಂದ ಬಂದ ಕಸುಬು. ಕೆಳಗೆ ಹೆಣ ಇಡುವ ಹಾಲ್, ಮೇಲೆ ಮನೆ. ಕೆಳಗೆ ಪ್ರಾರ್ಥನೆ ನಡೆಯುವಾಗ ಮೇಲೆ ಮಕ್ಕಳು ಓಡಾಡುವಂತಿಲ್ಲ, ಹಾಗಾಗಿ ತುದಿಗಾಲಲ್ಲಿ ನಡೆಯುವುದನ್ನು ಶಾಲೆಗೆ ಸೇರುವ ಮೊದಲೇ ಕಲಿತೆ ಎಂದರು. ರಾತ್ರಿ ಎರಡು ಗಂಟೆಗೆ ಕರೆ ಬಂದರೂ ಟೈ ಕಟ್ಟಿಕೊಂಡೇ ಹೊರಡುತ್ತಾರಂತೆ. ಆ ಮನೆಯವರಿಗೆ ಆ ರಾತ್ರಿ ಜನ್ಮಪೂರ್ತಿ ನೆನಪಿರುತ್ತದೆ ಅಂತ. ಹೆಣದ ಭಯ ಮೊದಲ ವರ್ಷಕ್ಕೇ ಹೋಯಿತು, ಹೆಣದ ಮುಂದೆ ಜಗಳಕ್ಕೆ ನಿಲ್ಲುವ ಅಣ್ಣತಮ್ಮಂದಿರ ಭಯ ಇನ್ನೂ ಹೋಗಿಲ್ಲ ಎಂದಾಗ ಎಲ್ಲರೂ ನಕ್ಕರು. ಎಳೆ ಮಕ್ಕಳು ಸತ್ತಾಗ ಬಿಲ್ ಹೇಗೆ ಬರೆಯುತ್ತೀರಿ ಎಂದು ಯಾರೋ ಕೇಳಿದರು. ಬರೆಯುವುದಿಲ್ಲ ಎಂದಷ್ಟೇ ಹೇಳಿ ನೀರು ಕುಡಿದರು. ಗಂಟೆ ಬಾರಿಸಿತು, ಸಭೆ ಮುಗಿಯಿತು. ಬ್ಯಾಂಕಿನವರು, ವಕೀಲರು, ಶಾಲೆಯ ಮುಖ್ಯಸ್ಥರು ಕೈಕುಲುಕಲು ಸಾಲು ನಿಂತರು.

ನಮ್ಮ ಕಡೆ ಸ್ಮಶಾನದ ಕೆಲಸದವನನ್ನು ಯಾವ ಕ್ಲಬ್ಬು ಸದಸ್ಯನಾಗಿ ಸೇರಿಸಿಕೊಂಡೀತು? ವೇದಿಕೆ ಹಾಗಿರಲಿ, ಸಭಾಂಗಣದ ಕುರ್ಚಿಯಾದರೂ ಸಿಕ್ಕೀತೆ?

1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಮೊದಲ ರೋಟರಿ ಸಭೆ ಸೇರಿದಾಗ ಇದ್ದವರು ನಾಲ್ವರು: ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿಯೊಬ್ಬ, ಗಣಿ ಎಂಜಿನಿಯರ್ ಒಬ್ಬ, ಒಬ್ಬ ದರ್ಜಿ. ಒಂದೊಂದು ಕಸುಬಿಗೆ ಒಬ್ಬೊಬ್ಬರು ಎನ್ನುವುದು ಮೊದಮೊದಲ ನಿಯಮ, ಆಮೇಲೆ ಸಡಿಲವಾಯಿತು. ಕಸುಬೇ ಅಲ್ಲಿಗೆ ಪ್ರವೇಶದ ಚೀಟಿ, ಹಾಗಾಗಿ ಕಸುಬಿನ ಕಥೆಗೂ ಬೆಲೆ. ನಮ್ಮಲ್ಲಿ ಇಂಥ ಕ್ಲಬ್ಬುಗಳಿಗೆ ಡಾಕ್ಟರು, ಆಡಿಟರು, ಕಂಟ್ರಾಕ್ಟರು ಸೇರಿದರು, ದರ್ಜಿ ಹೊರಗೇ ಉಳಿದ.

ಊರಿಗೆ ಹೋದಾಗ ಒಂದು ಸೇವಾ ಕ್ಲಬ್ಬಿನ ಸಭೆಗೆ ಹೋಗಿದ್ದೆ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ. ನಿವೃತ್ತ ಎಂಜಿನಿಯರೊಬ್ಬರ ಸನ್ಮಾನವಿತ್ತು. ಅವರ ಪರಿಚಯಕ್ಕೆ ಹೋದ ಹೊತ್ತಿನಲ್ಲಿ ಅವರೇ ಒಂದು ಸೇತುವೆ ಕಟ್ಟಿಸಿಬಿಡುತ್ತಿದ್ದರೇನೋ. ಕೊನೆಗೆ ಅವರು ಮೈಕಿನ ಮುಂದೆ ಬಂದಾಗ ನಿರೂಪಕರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಪಾಪ, ಶಿಸ್ತು, ಸಮಯಪಾಲನೆ, ಗುರುಹಿರಿಯರ ಆಶೀರ್ವಾದ ಎಂದು ನಾಲ್ಕು ಮಾತಾಡಿ ಕೂತರು. ಮೊದಲ ಮಳೆಗಾಲದಲ್ಲಿ ನೀರು ಏರುತ್ತಿದ್ದಾಗ ಅವರಿಗೆ ನಿದ್ದೆ ಬಂದಿತ್ತೇ? ಬಿಲ್ಲಿಗೆ ಸಹಿ ಹಾಕು ಎಂದು ಯಾರಾದರೂ ಬೆದರಿಸಿದ್ದರೇ? ಕೇಳುವುದಕ್ಕೆ ಬಹಳ ಇತ್ತು, ಆದರೆ ಪ್ರಶ್ನೆ ಕೇಳುವ ಪದ್ಧತಿಯೇ ಇರಲಿಲ್ಲ.

ಇಲ್ಲಿಯವರನ್ನು ಹೊತ್ತು ಮೆರೆಸುವ ಅಗತ್ಯವೂ ಇಲ್ಲ ಅನ್ನಿ. ಗಂಟೆ ಬಾರಿಸಿ ಐದು ನಿಮಿಷಕ್ಕೆ ಹಾಲ್ ಖಾಲಿ, ಕುರ್ಚಿ ಹಾಕಿದವರ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ವಂದನಾರ್ಪಣೆ ಎಷ್ಟೇ ಉದ್ದವಾದರೂ ಶಾಮಿಯಾನದವರು, ಮೈಕ್‌ಸೆಟ್‌ನ ಹುಡುಗ ಎಲ್ಲರ ಹೆಸರೂ ಬರುತ್ತದೆ. ರೋಟರಿ ಕೈಗೆತ್ತಿಕೊಂಡ ಪೋಲಿಯೊ ನಿರ್ಮೂಲನೆಯ ವಿಷಯದಲ್ಲೂ ಅಷ್ಟೇ. ಇಲ್ಲಿನ ಕ್ಲಬ್ಬಿನವರು ಚೆಕ್ ಬರೆದರು, ಅದೂ ಬೇಕಿತ್ತು. ಭಾನುವಾರ ಬೆಳಿಗ್ಗೆ ಬೂತಿನಲ್ಲಿ ಕೂತು ಕೂಸುಗಳ ಕಿರುಬೆರಳಿಗೆ ಶಾಯಿ ಹಚ್ಚಿದವರಲ್ಲಿ ನಮ್ಮ ಕ್ಲಬ್ಬುಗಳ ಅದೇ ಶಾಲು-ಹಾರದ ಮಂದಿಯೂ ಇದ್ದರು. 2014ರಲ್ಲಿ ಭಾರತ ಪೋಲಿಯೊಮುಕ್ತ ಎನಿಸಿಕೊಂಡಿತಲ್ಲ, ಅದರಲ್ಲಿ ಅವರ ಪಾಲೂ ಇದೆ. ಇದನ್ನು ಒಪ್ಪದೆ ವಿಧಿಯಿಲ್ಲ.

ನಮ್ಮ ಭಾವ ಈ ಜುಲೈಯಿಂದ ಊರಿನ ಕ್ಲಬ್ಬಿಗೆ ಅಧ್ಯಕ್ಷರು. ಪದಗ್ರಹಣದ ಫೋಟೋ ಕಳಿಸಿದಾಗ ಫೋನ್ ಮಾಡಿ, ತಿಂಗಳಿಗೊಬ್ಬರ ಕಸುಬಿನ ಕಥೆ ಇಟ್ಟುಕೊಳ್ಳಿ ಭಾವ, ಕರೆಂಟ್ ಕಂಬ ಹತ್ತುವ ಲೈನ್‌ಮನ್ನಿಂದಲೇ ಶುರುಮಾಡಿ ಎಂದೆ.

"ಅವನು ಬರ್ತಾನಪ್ಪ, ಕರೆದ್ರೆ ಖುಷಿಯಾಗೇ ಬರ್ತಾನೆ," ಎಂದರು ಭಾವ. "ಆದ್ರೆ ಅವನ ಪಕ್ಕ ವೇದಿಕೆ ಮೇಲೆ ಯಾರನ್ನ ಕೂರಿಸ್ಲಿ, ಅದು ಹೇಳು."