ತೆಗೀಬಹುದಂತೆ ಈ ಟಾಪು!

48 ಸಾವಿರ ಕೊಟ್ಟು ಗಾಡಿಗೆ ಹಾರ್ಡ್‌ಟಾಪ್, ಅಂದರೆ ಬೇಕಾದಾಗ ಬಿಚ್ಚಿಡೋ ಗಟ್ಟಿ ಮೇಲ್ಛಾವಣಿ, ಹಾಕಿಸಿದ ಮೇಲೂ ನಿನ್ನೆ ನನ್ನ ಹೆಂಡತಿ ಗಾಡಿಯೊಳಗೆ ಕೊಡೆ ಬಿಚ್ಚಿಕೊಂಡು ಕೂತಿದ್ದಳು. ಟಿಳಕವಾಡಿ ಎರಡನೇ ಗೇಟ್ ಹತ್ತಿರ. ರೈಲು ಬರೋದಿತ್ತು, ಗೇಟ್ ಹಾಕಿದ್ದರು. ಪಕ್ಕದ ಆಟೋದವನು ಬಗ್ಗಿ ನೋಡಿ "ಅಕ್ಕಾರ, ಮಳಿ ಹೊರಗೈತೋ ಒಳಗೈತೋ?" ಅಂದ. ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ನನ್ನದು 2014ರ ಥಾರ್, ಮಹೀಂದ್ರಾ ಜೀಪು. ಕ್ಯಾನ್ವಾಸ್ ಬಟ್ಟೆಯ ಹುಡ್‌ನದು. ಅದನ್ನು ಮಡಚಿಟ್ಟು ಜಾಂಬೋಟಿ ಕಡೆಯಿಂದ ಚೋರ್ಲಾ ಘಾಟ್‌ಗೆ ಹೋಗೋ ಸುಖಕ್ಕೇ ನಾನು ಈ ಗಾಡಿ ತಗೊಂಡಿದ್ದು. ಆದರೆ ಕ್ಯಾನ್ವಾಸ್ ಎಷ್ಟು ವರ್ಷ ಬಾಳುತ್ತೆ ಹೇಳಿ. ಜಿಪ್ ಹೋಯಿತು, ಹೊಲಿಗೆ ಬಿಟ್ಟಿತು. ಬೆಳಗಾವಿ ಮಳೆ ಗೊತ್ತಲ್ವಾ, ಜೂನ್‌ನಲ್ಲಿ ಹಿಡಿದರೆ ಬಿಡೋ ಮಾತೇ ಇಲ್ಲ. ಮಳೆಗಾಲಕ್ಕೆ ಗಟ್ಟಿ ಟಾಪು, ದೀಪಾವಳಿ ಆದ ಮೇಲೆ ಬಿಚ್ಚಿಟ್ಟು ಮತ್ತೆ ಕ್ಯಾನ್ವಾಸು, ಇಷ್ಟೇ ನನ್ನ ಲೆಕ್ಕ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್‌ಗೆ ಕಂಪನಿಯವರೇ ಹಾರ್ಡ್‌ಟಾಪ್ ಕೊಟ್ಟರು. ನಮ್ಮ ಷಡ್ಡಕನ ಹತ್ತಿರ ಅದೇ ಇದೆ, ಸಿಕ್ಕಾಗೆಲ್ಲ ಹೇಳ್ತಾನೆ. ಅದು ಬೇರೆ ಕಥೆ.

ನನ್ನ ತಲೆ ಕೆಡಿಸಿದ್ದು ಮಾಜ್ಡಾ ಮಿಯಾಟಾ ವಿಡಿಯೋಗಳು. 1989ರಿಂದ ಬರ್ತಿರೋ ಎರಡು ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರು ಅದು. ಹಳೇ ಮಾಡೆಲ್‌ನ ಹಾರ್ಡ್‌ಟಾಪ್ 20 ಕೆಜಿ ಚಿಲ್ಲರೆ, ಅಷ್ಟೇ. ಮುಂದಿನ ಗಾಜಿನ ಚೌಕಟ್ಟಿಗೆ ಎರಡು ಕೊಂಡಿ, ಬಾಗಿಲ ಹಿಂದೆ ಆಕಡೆ ಈಕಡೆ ಒಂದೊಂದು. ಇಬ್ಬರು ಬರ್ತಾರೆ, ಕೊಂಡಿ ಬಿಡಿಸ್ತಾರೆ, ಎತ್ತಿ ಗೋಡೆಗೆ ಒರಗಿಸ್ತಾರೆ. ನನ್ನದೂ ಹೀಗೇ ಆಗುತ್ತೆ ಅಂದುಕೊಂಡೆ ನೋಡಿ, ಹುಚ್ಚ ನಾನು.

ಇಲ್ಲೇ ಊರಲ್ಲಿ ಒಂದು ಅಂಗಡಿಗೆ ಹೋದೆ. ಪತ್ರಾದ್ದು (ಕಬ್ಬಿಣದ ತಗಡಿನದು) ಬೇಕೋ ಫೈಬರ್‌ದು ಬೇಕೋ ಅಂದರು. ಪತ್ರಾ ಭಾರ, ತುಕ್ಕು ಬೇರೆ. ಫೈಬರ್ ಅಂದೆ. "ಬಿಚ್ಚಲಿಕ್ಕೆ ಬರಬೇಕು ನೋಡ್ರಿ" ಅಂತ ಮೂರು ಸಲ ಹೇಳಿದೆ. "ಏ ಸಾಹೇಬ್ರ, ನಾಕ್ ಬೋಲ್ಟ್ ಅಷ್ಟರೀ, ಮನ್ಯಾಗ ನೀವ ಬಿಚ್ಚೀರಿ" ಅಂದ.

ಎರಡು ವಾರ ಕಾಯಿಸಿ ಟಾಪು ಕೊಟ್ಟ. ಪೇಂಟ್ ಮಾಡಿಯೇ ತಂದಿದ್ದ, ಥಳಥಳ ಅಂತಿತ್ತು. ಅಲ್ಲೇ ತಪ್ಪಿದ್ದು. ಫೈಬರ್ ಟಾಪು ಅಚ್ಚಿನಿಂದ ಬರುತ್ತೆ, ಹತ್ತು ವರ್ಷ ಓಡಿದ ಗಾಡಿಯ ಗಾಜಿನ ಚೌಕಟ್ಟು ಒಂದೊಂದು ಒಂದೊಂದು ಥರ ವಾಲಿರುತ್ತೆ. ಪೇಂಟ್‌ಗೆ ಮುಂಚೆ ಗಾಡಿ ಮೇಲೆ ಇಟ್ಟು ನೋಡಿ, ಅಂಚು ತಿಕ್ಕಿ ಕೂರಿಸಬೇಕು. ಇವರು ನೇರ ತಂದು ಇಟ್ಟರು. ನಾಲ್ಕು ಜನ ಎತ್ತಿದರು. ಡ್ರೈವರ್ ಕಡೆ ಮೂಲೆಯಲ್ಲಿ ನನ್ನ ಕಿರುಬೆರಳು ಹೋಗುವಷ್ಟು ಸಂದು! ಕೇಳಿದರೆ "ಬೀಡಿಂಗ್ ಕುಂದರ್ತೈತ್ರಿ" ಅಂದ. ರಬ್ಬರ್ ಬೀಡಿಂಗ್ ಅದುಮಿಕೊಂಡು ಕೂತರೆ ಮಾತ್ರ ನೀರು ತಡೀತದೆ. ಮನೆಗೆ ಬಂದು ಹತ್ತು ರೂಪಾಯಿ ನೋಟನ್ನು ಆ ಸಂದಿಗೆ ಸಿಕ್ಕಿಸಿ ಎಳೆದೆ. ಬೀಡಿಂಗ್ ಸರಿ ಕೂತಿದ್ದರೆ ನೋಟು ಬಿಗಿಯಾಗಿ ಬರಬೇಕು. ಇದು ಊದಿದರೂ ಹಾರಿಹೋಗೋ ಥರ ಇತ್ತು.

ಮೊದಲ ಮಳೆಗೇ ಶುರು. ಹನಿ ನೇರವಾಗಿ ನನ್ನ ಬಲ ಮೊಣಕಾಲಿನ ಮೇಲೆ. ಬ್ರೇಕ್ ಹಾಕಿದರೆ ಮೇಲೆ ನಿಂತ ನೀರೆಲ್ಲ ಒಟ್ಟಿಗೆ ಮುಂದಕ್ಕೆ ಬಂದು ಎರಡೂ ತೊಡೆ ತೊಯ್ಯುತ್ತೆ. ಅಂಗಡಿಗೆ ಹೋದೆ. ಸಂದು ಮುಚ್ಚೋ ಸಿಲಿಕಾನ್ ಅಂಟು ಹಚ್ಚಿದ. ಇನ್ನೊಂದು ಮೂಲೆಯಿಂದ ಬಂತು. ಅಲ್ಲೂ ಹಚ್ಚಿದ. ಮೂರನೇ ಸಲ ನಾನು ಚಹಾ ಕುಡಿದು ಬರುವಷ್ಟರಲ್ಲಿ ಸುತ್ತಲೂ ಬೋಲ್ಟ್ ಸಮೇತ ಬಳಿದುಬಿಟ್ಟಿದ್ದ! ಒಳಗೆ ಕೂತರೆ ಕೆಟ್ಟ ಹುಳಿ ವಾಸನೆ. ಆ ಹುಳಿ ವಾಸನೆಯ ಸಿಲಿಕಾನ್ ಒಣಗುವಾಗ ಆ್ಯಸಿಡ್ ಬಿಡುತ್ತೆ, ಪೇಂಟ್ ಹೋದ ಕಬ್ಬಿಣಕ್ಕೆ ತಾಗಿದರೆ ತುಕ್ಕು ತರುತ್ತೆ. ಚೌಕಟ್ಟಿನ ಅಂಚಿನಲ್ಲಿ ಆಗಲೇ ಕೆಂಪು ಗೆರೆ ಕಾಣ್ತಿದೆ.

ಈಗ ಬಿಚ್ಚೋದು ಹೇಗ್ರೀ ಅಂತ ಕೇಳಿದೆ. ಅವನ ಉತ್ತರ ಕೇಳಿ: "ಮತ್ಯಾಕ ಬಿಚ್ತೀರಿ ಸಾಹೇಬ್ರ, ಗಟ್ಟಿ ಕುಂತೈತಲ್ಲ?"

ಇದು ಬಿಚ್ಚೋ ಟಾಪು ಮಾರಾಯಾ! ಬಿಚ್ಚೋಕೆ ಅಂತಲೇ ದುಡ್ಡು ಕೊಟ್ಟಿದ್ದು!

ಆರ್‌ಟಿಓ ವಿಷಯ ಕೇಳಿದರೂ ಇದೇ ಥರದ ಮಾತು. ಕಂಪನಿ ಮಾಡಿಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಇದನ್ನು ಹಾಕಿಸೋ ಮುಂಚೆ ನಾನೇ ಯೋಚನೆ ಮಾಡಬೇಕಿತ್ತು, ಒಪ್ಪಿಕೊಳ್ತೀನಿ. "ಎಲ್ಲಾರೂ ಹಾಕಸ್ತಾರ್ರೀ" ಅಂದಿದ್ದಕ್ಕೆ ಸುಮ್ನೆ ತಲೆ ಆಡಿಸಿ ಬಂದೆ. ನಾಳೆ ಯಾರಾದರೂ ತಡೆದು ನಿಲ್ಲಿಸಿದರೆ ಆ ಎಲ್ಲಾರೂ ಬರ್ತಾರಾ?

ಇದೆಲ್ಲಾ ಆದರೂ ಹೊಟ್ಟೆ ಉರಿದಿದ್ದು ಬೇರೆಯದಕ್ಕೆ. ಕ್ಯಾನ್ವಾಸ್ ಕೂರಿಸೋ ಪೈಪುಗಳನ್ನು ಬಿಚ್ಚಿದಾಗ "ಹಿಂದ ಶೆಡ್ಡಿನ್ಯಾಗ ಇಟ್ಟೇನ್ರಿ, ಯಾವಾಗ ಬೇಕಾದ್ರೂ ಒಯ್ರಿ" ಅಂದಿದ್ದ. ನಿನ್ನೆ ಗೇಟ್ ತೆಗೆದ ಕೂಡಲೇ ಗಾಡಿ ಸೀದಾ ಅಲ್ಲಿಗೇ ಬಿಟ್ಟೆ. ಶೆಡ್ಡಿನಲ್ಲಿ ಪೈಪು ಇಲ್ಲ. ಹುಡುಗ ಒಬ್ಬ ಮೆಲ್ಲಗೆ ಹೇಳಿದ, ಗುಜರಿಯವನು ಬಂದಿದ್ದ, ಎಲ್ಲಾ ಒಟ್ಟಿಗೆ ಹೋಯಿತು ಅಂತ. ಮಾಲಕ ನೆಲ ನೋಡುತ್ತಾ ನಿಂತಿದ್ದ. ನನ್ನ ಮೊಣಕಾಲಿಂದ ಇನ್ನೂ ನೀರು ಇಳೀತಿತ್ತು.

ಸದ್ಯಕ್ಕೆ ಹಾರ್ಡ್‌ಟಾಪ್ ಮೇಲೊಂದು ತಾಡಪತ್ರಿ ಹೊದಿಸಿ ಹಗ್ಗ ಕಟ್ಟಿ ನಿಲ್ಲಿಸಿದ್ದೀನಿ. ಹುಬ್ಬಳ್ಳಿ, ಗೋಕಾಕ, ಕೊಲ್ಹಾಪುರ, ಎಲ್ಲಿಯಾದರೂ ಸರಿ, ಯಾರ ಹತ್ತಿರವಾದರೂ ಹಳೇ ಥಾರ್‌ನ ಕ್ಯಾನ್ವಾಸ್ ಪೈಪ್ ಸೆಟ್ ಬಿದ್ದಿದ್ದರೆ ದಯವಿಟ್ಟು ಹೇಳಿ. ಸೊಟ್ಟ ಆಗಿದ್ದರೂ ಪರವಾಗಿಲ್ಲ, ನಾನೇ ಬಂದು ಒಯ್ತೀನಿ. ಬಸ್ಸಿನಲ್ಲಿ.