ಫ್ರೋಕೊಸ್ಟ್ ಅಂದರೆ ಎಷ್ಟು ಹೊತ್ತಿಗೆ?

ನನ್ನ ಮನೆ ಸ್ವೀಡನ್ನಿನ ಮಾಲ್ಮೊದಲ್ಲಿ, ಕೆಲಸ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. 2000ದಲ್ಲಿ ಈ ಎರಡೂ ಊರಿನ ನಡುವೆ ಸೇತುವೆ ಆದಮೇಲೆ ಇಲ್ಲಿ ಇದು ಮಾಮೂಲು. ಹೊಸದಾಗಿ ಬರುವ ನಮ್ಮವರು "ಸ್ವೀಡಿಶ್ ಕಲಿತರೆ ಸಾಕು, ಡ್ಯಾನಿಶ್, ನಾರ್ವೇಜಿಯನ್ ತಾನಾಗೇ ಬರುತ್ತೆ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ಜಾಸ್ತಿ ಕೈಕೊಡುವುದು ಒಂದೇ ಥರ ಕಾಣುವ ಪದಗಳೇ. 'ರೋಲಿಗ್' ಸ್ವೀಡನ್ನಿನಲ್ಲಿ ಮಜಾ, ಡೆನ್ಮಾರ್ಕಿನಲ್ಲಿ ಶಾಂತ. 'ಬೀ' ಸ್ವೀಡಿಶ್‌ನಲ್ಲಿ ಹಳ್ಳಿ, ಡ್ಯಾನಿಶ್‌ನಲ್ಲಿ ಪಟ್ಟಣ.

ಹೊಟ್ಟೆಗೆ ಸಂಬಂಧಪಟ್ಟದ್ದು ಇನ್ನೊಂದಿದೆ, 'ಫ್ರೋಕೊಸ್ಟ್'. ಹಿಂದೆ ಈ ಕಡೆಯ ಬಂದರುಗಳ ವ್ಯಾಪಾರದಲ್ಲಿ ಉತ್ತರ ಜರ್ಮನಿಯ ವ್ಯಾಪಾರಿಗಳದ್ದೇ ಮೇಲುಗೈ. ಅವರ ಭಾಷೆಯಿಂದ ಬಂದ ಪದ ಇದು: ಮೊದಲ ಭಾಗ 'ಬೆಳಿಗ್ಗೆ ಬೇಗ', ಎರಡನೆಯದು 'ತಿನ್ನುವುದು'. ಸ್ವೀಡನ್ನಿನ 'ಫ್ರುಕೊಸ್ಟ್', ನಾರ್ವೆಯ 'ಫ್ರೋಕೊಸ್ಟ್' ಎರಡೂ ಈಗಲೂ ಬೆಳಗಿನ ತಿಂಡಿಯೇ. ಡೆನ್ಮಾರ್ಕಿನಲ್ಲಿ ಮಾತ್ರ ಆ ಊಟ ಮಧ್ಯಾಹ್ನಕ್ಕೆ ಜಾರಿತು, ಹೆಸರೂ ಜೊತೆಗೇ ಹೋಯಿತು. ಬೆಳಗಿನದಕ್ಕೆ 'ಮೋರ್ನ್‌ಮಾಡ್', ಅಂದರೆ ಬೆಳಗಿನ ಆಹಾರ. ಹಾಗಾಗಿ 'ಫ್ರೋಕೊಸ್ಟ್ ಮೀಟಿಂಗ್' ಅಂತ ಬಂದರೆ ಕರೆದವರು ನಾರ್ವೆಯ ಓಸ್ಲೊದವರಾ, ಕೋಪನ್‌ಹೇಗನ್‌ನವರಾ ಅಂತ ಮೊದಲು ನೋಡಬೇಕು.

ನಾವೂ ಕಮ್ಮಿಯಿಲ್ಲ ಅನ್ನಿ. ಬೆಂಗಳೂರಿನ 'ತಿಂಡಿ' ಬೆಳಿಗ್ಗೆಯೂ ಆಗುತ್ತದೆ, ಸಂಜೆಯೂ ಆಗುತ್ತದೆ. ಧಾರವಾಡದವರು ನಾಷ್ಟಾ ಎಂದು ಹೇಳಿ ಗೊಂದಲವನ್ನೇ ಮುಗಿಸುತ್ತಾರೆ.

ಪದಕ್ಕಿಂತ ತಟ್ಟೆಯಲ್ಲಿ ವ್ಯತ್ಯಾಸ ಜಾಸ್ತಿ. ನಾರ್ವೆಯವರ ಮಧ್ಯಾಹ್ನದ 'ಮಾಟ್‌ಪಾಕೆ' ನಮ್ಮ ಬುತ್ತಿಯೇ. ಬ್ರೆಡ್ ಚೂರಿನ ಮೇಲೆ ಕಂದು ಬಣ್ಣದ ಸಿಹಿ ಚೀಸ್, ಚೂರುಗಳು ಅಂಟದಂತೆ ನಡುವೆ ತೆಳು ಕಾಗದ, ಮೇಲೆ ಇನ್ನೊಂದು ಕಾಗದದ ಸುತ್ತು. ಆ ಅಚ್ಚುಕಟ್ಟು ನನಗೆ ಇಷ್ಟ. ಆದರೆ ದಿನಾ ತಣ್ಣಗಿನ ಬ್ರೆಡ್ಡು! ಡೆನ್ಮಾರ್ಕಿನ ಡೇನರದ್ದೂ ತಣ್ಣಗಿನದೇ, ಕಪ್ಪು ರೈ ಬ್ರೆಡ್ಡಿನ ಮೇಲೆ ಹೆರಿಂಗ್ ಮೀನು. ಸ್ವೀಡನ್ನಿನಲ್ಲಿ ಶಾಲೆಯ ಮಕ್ಕಳಿಗೂ ಮಧ್ಯಾಹ್ನ ಬಿಸಿಯೂಟ, ಅದೂ ಪುಕ್ಕಟೆ. ಅನ್ನ-ಸಾರು ತಿಂದು ಬೆಳೆದ ನನ್ನ ವೋಟು ಸ್ವೀಡನ್ನಿಗೇ.

ಇನ್ನು ಡಿಸೆಂಬರ್ ಬಂದರೆ ಡೇನರ ಆಫೀಸುಗಳಲ್ಲಿ 'ಯೂಲೆಫ್ರೋಕೊಸ್ಟ್', ಕ್ರಿಸ್‌ಮಸ್ ಔತಣ. ಹುಟ್ಟಿನಲ್ಲಿ ಬೆಳಗಿನ ತಿಂಡಿ, ಬಳಕೆಯಲ್ಲಿ ಮಧ್ಯಾಹ್ನದ ಊಟ, ಆದರೆ ಹೆಚ್ಚಾಗಿ ಶುರುವಾಗುವುದು ಸಂಜೆ. ಮುಗಿಯುವ ಹೊತ್ತಿಗೆ ಮಧ್ಯರಾತ್ರಿ ದಾಟಿರುತ್ತದೆ. ಕರೆ ಬಂದರೆ ಮಧ್ಯಾಹ್ನ ಹಸಿದುಕೊಂಡು ಕಾಯಬೇಡಿ, ಸುಮ್ನೆ ಮಾಮೂಲಿನಂತೆ ಊಟ ಮಾಡಿ.